ಅಕ್ಕನ ಮಗಳ ಬಾಡಿಗೆ

ದೇವಕಿಗೆ ಗಂಡನ ಸಾಲದ ಸುದ್ದಿ ತಿಳಿದದ್ದು ಪಾತ್ರೆ ಅಂಗಡಿಯಲ್ಲಿ. ಹಳೆಯ ಕುಕ್ಕರಿನ ಹಿಡಿ ಮುರಿದು ಎರಡು ತಿಂಗಳಾಗಿತ್ತು. ಇಕ್ಕಳದಲ್ಲಿ ಹಿಡಿದು ಇಳಿಸಿ ಇಳಿಸಿ ಬೇಸತ್ತು, ದಸರೆಗೆ ರಿಯಾಯಿತಿ ಇದೆಯೆಂದು ಗಂಡನ ಕಾರ್ಡ್ ತೆಗೆದುಕೊಂಡು ದಿಲ್ಲಿಯ ಮುನೀರ್ಕಾದ ಅಂಗಡಿಗೆ ಹೋಗಿದ್ದಳು. ಅಂಗಡಿಯವನು ಯಂತ್ರಕ್ಕೆ ಕಾರ್ಡ್ ಹಾಕಿದ, ತೆಗೆದ, ಮತ್ತೆ ಹಾಕಿದ. "ನಹೀಂ ಚಲ್ ರಹಾ, ಆಂಟೀಜೀ" ಎಂದು ಪಕ್ಕದ ಗಿರಾಕಿಗೆ ಕೇಳದಷ್ಟು ಮೆಲ್ಲಗೆ ಹೇಳಿ, ಹೊಸ ಕುಕ್ಕರನ್ನು ಮತ್ತೆ ಡಬ್ಬಕ್ಕೆ ಇಳಿಸಿದ. ಅವನು ಮೆಲ್ಲಗೆ ಹೇಳಿದ್ದೇ ಅವಳಿಗೆ ಹೆಚ್ಚು ನಾಟಿತು.

ಸಾಯಂಕಾಲ ಮಹಂತೇಶ್ ಕಚೇರಿಯಿಂದ ಬಂದು ಶೂ ಬಿಚ್ಚುತ್ತಿದ್ದಾಗ ಕೇಳಿದಳು. ಅವನು ಒಂದು ಕಾಲಿನದು ಬಿಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು ಕುಳಿತ.

"ಎಷ್ಟು?"

"ಆರೂವರೆ."

"ಸಾವಿರಾನಾ?"

"ಲಕ್ಷ. ಅದು ಬ್ಯಾಂಕಿಂದು. ಕಾರ್ಡಿಂದು ಬೇರೆ."

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮಹಂತೇಶ್ ಇಪ್ಪತ್ತೇಳು ವರ್ಷದಿಂದ ಗುಮಾಸ್ತ. ಅವನ ಸೆಕ್ಷನ್ನಿನ ಮೂವರು ಊಟದ ಬಿಡುವಿನಲ್ಲಿ ಮೊಬೈಲಿನಲ್ಲೇ ಶೇರು ಕೊಂಡು ಮಾರುತ್ತಿದ್ದರು. ಇವನೂ ಸೇರಿಕೊಂಡ. ಮೊದಲ ತಿಂಗಳು ಹದಿನೆಂಟು ಸಾವಿರ ಬಂತು. ಮಗಳಿಗೆ ಫೋನು ತಂದ. ಆಮೇಲೆ ಬಂದದ್ದನ್ನು ಹೇಳಲಿಲ್ಲ, ಹೋದದ್ದನ್ನೂ ಹೇಳಲಿಲ್ಲ.

ಹಾಲ್‌ನ ಮಂಚದ ಮೇಲಿಂದ ಅವನ ಅಪ್ಪ ತಿಪ್ಪೇಸ್ವಾಮಿ ಎಲ್ಲವನ್ನೂ ಕೇಳಿಸಿಕೊಂಡ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದು, ಹೆಂಡತಿ ಸತ್ತ ಮೇಲೆ ಮಗನ ಹತ್ತಿರ ಬಂದವನು. "ಮೂವತ್ತು ವರ್ಷ ನೂಲು ತೂಕ ಹಾಕಿದೀನಿ ನಾನು. ಒಂದು ದಿನಾನೂ ಅದು ನಂದು ಅಂತ ಅನ್ನಿಸಲಿಲ್ಲ ನೋಡು" ಎಂದ.

"ಅಪ್ಪ, ನೀವು ಸುಮ್ನಿರಿ."

"ನಾನು ಸುಮ್ನೇ ಇದೀನಪ್ಪ. ನೀನು ಸುಮ್ನಿರಲಿಲ್ಲ."

ಆ ರಾತ್ರಿಯೂ ದೇವಕಿ ಕುಕ್ಕರನ್ನು ಇಕ್ಕಳದಲ್ಲೇ ಇಳಿಸಿದಳು.

ಭಾನುವಾರ ಮಗಳು ಹಂಸಿನಿ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಗೆ ಗೆರೆ ಎಳೆದುಕೊಂಡು ಕೂತಳು. ಅವಳಿಗೆ ಇಪ್ಪತ್ಮೂರು, ಓಖ್ಲಾದ ಬಟ್ಟೆ ರಫ್ತು ಮಾಡುವ ಕಂಪನಿಯಲ್ಲಿ ಕೆಲಸ. ಹುಟ್ಟಿದ್ದೂ ಬೆಳೆದದ್ದೂ ದಿಲ್ಲಿಯಲ್ಲಿ. ಸಿಟ್ಟು ಬಂದರೆ ಅವಳ ಕನ್ನಡಕ್ಕೆ ಹಿಂದಿ ಸೇರಿಕೊಳ್ಳುತ್ತಿತ್ತು.

"ತಿಂಗಳಿಗೆ ಹದಿನೈದು ಸಾವಿರದ ಇನ್ನೂರು ಕಂತು. ಐದನೇ ತಾರೀಖು ಅಕೌಂಟಿಂದ ತಾನೇ ಕಟ್ ಆಗುತ್ತೆ. ಇನ್ನೂ ನಲವತ್ತೊಂಬತ್ತು ಬಾಕಿ. ಕಾರ್ಡಿನ ಬಡ್ಡಿ ಸಬ್‌ಸೆ ಜ್ಯಾದಾ, ಅದನ್ನ ಮೊದ್ಲು ತೀರಿಸ್ಬೇಕು. ಮತ್ತೆ ಅಮ್ಮನ ಹೆಸರಲ್ಲಿ ಒಂದು ಆರ್‌ಡಿ. ತಿಂಗಳಿಗೆ ನಾಲ್ಕು ಸಾವಿರ."

"ಸಾಲ ತಲೆ ಮೇಲಿರುವಾಗ ಉಳಿತಾಯ ಏನೇ?" ಎಂದಳು ದೇವಕಿ.

"ಕೈಯಲ್ಲಿ ಏನೂ ಇಲ್ದಿದ್ರೆ ನಾಳೆ ಅಜ್ಜನ ಕನ್ನಡಕ ಒಡೆದ್ರೂ ಫಿರ್ ಸೇ ಕಾರ್ಡೇ ಉಜ್ಜಬೇಕು ಅಮ್ಮ."

ತಿಪ್ಪೇಸ್ವಾಮಿ ಕನ್ನಡಕ ಮುಟ್ಟಿ ನೋಡಿಕೊಂಡ. "ಒಂದು ಕಡೆ ಗುಂಡಿ ಮುಚ್ಚೋದು, ಇನ್ನೊಂದು ಕಡೆ ಗುಡ್ಡೆ ಹಾಕೋದು. ಸರಿ. ಮಣ್ಣು ಎಲ್ಲಿಂದ ತರ್ತೀಯವ್ವ?"

ಹಂಸಿನಿ ಹಾಳೆಯ ಕೊನೆಯಲ್ಲಿ ಇನ್ನೊಂದು ಗೆರೆ ಎಳೆದಳು.

ಮಣ್ಣಿಗಾಗಿ ಹುಡುಕಾಟ ನಡೆಯಿತು. ಸರ್ಕಾರಿ ನೌಕರ ಹೊರಗೆ ದುಡಿಯುವಂತಿಲ್ಲ. ಹಂಸಿನಿ ಕಂಪನಿಯಿಂದ ಕುರ್ತಾಗಳ ಕೊರಳಿಗೆ ಮಣಿ ಹೊಲಿಯುವ ಕೆಲಸ ತಂದಳು. ಒಂದಕ್ಕೆ ಹದಿನಾಲ್ಕು ರೂಪಾಯಿ. ದೇವಕಿ ಮೂರು ವಾರ ಹೊಲಿದಳು. ಸಾವಿರದ ನೂರಿಪ್ಪತ್ತು ಬಂತು, ಬೆರಳುಗಳ ತುದಿ ಒಡೆಯಿತು, ಸಾರಿಗೆ ಹುಣಸೆಹಣ್ಣು ಕಿವುಚಲು ಆಗದೆ ಮಹಂತೇಶನೇ ಕಿವುಚಿಕೊಟ್ಟ.

ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ದೇವಕಿಯ ಪಕ್ಕಕ್ಕೆ ಒಬ್ಬ ಹುಡುಗಿ ಕೂತಳು. ತಿಪಟೂರಿನವಳು, ಮಯೂರಿ ಅಂತ. ಹೌಜ್ ಖಾಸ್‌ನ ಜಾಹೀರಾತು ಕಂಪನಿಯಲ್ಲಿ ಕೆಲಸ. ಎರಡನೇ ಸಲ ಹುಳಿ ಹಾಕಿಸಿಕೊಂಡು, "ಪಿಜಿಯಲ್ಲಿ ವಾರಕ್ಕೆ ನಾಲ್ಕು ದಿನ ರಾಜ್ಮಾ ಆಂಟಿ. ಹದಿನಾಲ್ಕು ಸಾವಿರ ಬೇರೆ. ಯಾರಾದ್ರೂ ಕನ್ನಡದವರ ಮನೇಲಿ ಒಂದು ಮೂಲೆ ಸಿಕ್ಕಿದ್ರೆ ಸಾಕು" ಎಂದಳು.

ಮನೆಗೆ ಬಂದವಳೇ ದೇವಕಿ ವಿಷಯ ತೆಗೆದಳು. ಮಹಂತೇಶ್ ಕೈಯಾಡಿಸಿದ. "ಹುಚ್ಚಾ ನಿನಗೆ? ಇದು ಸರ್ಕಾರಿ ಕ್ವಾರ್ಟರ್ಸ್. ಬಾಡಿಗೆಗೆ ಕೊಟ್ಟಿದ್ದು ಗೊತ್ತಾದ್ರೆ ಮನೆ ಕಿತ್ಕೋತಾರೆ, ದಂಡ ಹಾಕ್ತಾರೆ, ನನ್ನ ಮೇಲೆ ವಿಚಾರಣೆ ಆಗುತ್ತೆ. ಹೊರಗೆ ಇಂಥ ಮನೆಗೆ ಮೂವತ್ತು ಸಾವಿರ. ಎಲ್ಲಿಗೆ ಹೋಗೋದು?"

"ಸಂಬಂಧಿಕರು ಇರಬಹುದಾ?"

"ಹತ್ತಿರದವರು ಇರಬಹುದು."

"ಮತ್ತೆ? ಹತ್ತಿರದವಳು ಅಂದ್ಕೊಳ್ಳಿ."

ಈ ಮನೆಯಲ್ಲಿ ಈಗ ಅವನು ಬೇಡ ಅನ್ನುವ ಹಕ್ಕು ಕಳೆದುಕೊಂಡಿದ್ದ. ಅದು ಅವನಿಗೂ ಗೊತ್ತಿತ್ತು.

ಊಟ ಸೇರಿ ಹನ್ನೆರಡು ಸಾವಿರ, ಎರಡು ತಿಂಗಳ ಮುಂಗಡ. ಮಯೂರಿ ಸೂಟ್‌ಕೇಸ್ ತಂದ ದಿನ ದೇವಕಿ ಚಹಾ ಕೊಟ್ಟು ಕೂರಿಸಿ ಪಾಠ ಹೇಳಿದಳು.

"ನಮ್ಮನ್ನ ಏನಂತ ಕರೀತೀಯ?"

"ಚಿಕ್ಕಪ್ಪ, ಚಿಕ್ಕಮ್ಮ."

"ಯಾರು ಕೇಳಿದ್ರೂ?"

"ಚಿಕ್ಕಪ್ಪ, ಚಿಕ್ಕಮ್ಮ."

ಎಲ್ಲರಿಗೂ ಸಮಾಧಾನವಾಯಿತು. ಇನ್ನೇನೂ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಎರಡು ಕೋಣೆಯ ಮನೆ. ಒಳಕೋಣೆ ಹುಡುಗಿಯರಿಬ್ಬರಿಗೆ ಹೋಯಿತು. ಗಂಡ ಹೆಂಡತಿ ಗಾಜು ಹಾಕಿಸಿದ ಬಾಲ್ಕನಿಗೆ ಬಂದರು. ಡಿಸೆಂಬರಿನ ಚಳಿಗೆ ಗಾಜು ಬೆಳಗ್ಗೆ ಬೆವರಿರುತ್ತಿತ್ತು. ನೀರು ಬರುವುದು ಐದೂವರೆಗೆ, ನಿಲ್ಲುವುದು ಏಳಕ್ಕೆ. ಅಷ್ಟರಲ್ಲಿ ಐದು ಜನರ ಸ್ನಾನ, ಡ್ರಮ್ಮು ತುಂಬುವುದು, ಅಜ್ಜನ ಬಿಸಿನೀರು. ಮಯೂರಿ ಇಪ್ಪತ್ತು ನಿಮಿಷ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಗೀಜರ್ ಆರಿಸುವುದು ಮರೆಯುತ್ತಿದ್ದಳು. ಜೋಳದ ರೊಟ್ಟಿ ಅರ್ಧ ಬಿಡುತ್ತಿದ್ದಳು. ಬಾಡಿಗೆಯವಳನ್ನು ಬೈಯುವಂತಿಲ್ಲ, ಅಕ್ಕನ ಮಗಳಾದರೆ ಬೈಯದೇ ಇರುವಂತಿಲ್ಲ. ಮೆಟ್ಟಿಲ ಮೇಲೆ ನೆರೆಯವರು ಸಿಕ್ಕಾಗ ದೇವಕಿ ಅವಳ ಕೂದಲು ಸರಿಮಾಡಿ, "ಶಾಲು ಹಾಕ್ಕೊಂಡು ಹೋಗೇ" ಎಂದು ಗದರುತ್ತಿದ್ದಳು. ಒಳಗೆ ಬಂದ ಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದರು.

ಆದರೂ ದುಡ್ಡು ಬರುತ್ತಿತ್ತು. ಮುಂಗಡವೆಲ್ಲ ಕಾರ್ಡಿಗೆ ಹೋಯಿತು. ಆರ್‌ಡಿಗೆ ಮೂರು ಕಂತು ಬಿತ್ತು. ದೇವಕಿಯ ಹೆಸರಲ್ಲಿ ದುಡ್ಡು ಇದ್ದದ್ದು ಮದುವೆಯಾದ ಮೇಲೆ ಇದೇ ಮೊದಲು. ಬುಧವಾರದ ಸಂತೆಯಲ್ಲಿ ಬಟಾಣಿಗೆ ಚೌಕಾಸಿ ಮಾಡುವಾಗ ಅವಳ ದನಿ ಸ್ವಲ್ಪ ಏರಿತ್ತು. "ಭಯ್ಯಾ, ಚಾಲೀಸ್ ಮೇ ದೇನಾ ಹೈ ತೋ ದೋ, ನಹೀಂ ತೋ ಛೋಡ್ ದೋ" ಎಂದು ನಿಜವಾಗಿಯೂ ಬಿಟ್ಟು ನಡೆಯುತ್ತಿದ್ದಳು.

ಜನವರಿಯ ಎರಡನೇ ಶನಿವಾರ, ಮಂಜು ಕವಿದ ಬೆಳಗ್ಗೆ, ಎಲ್ಲರೂ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದಾಗ ಕ್ವಾರ್ಟರ್ಸ್ ತಪಾಸಣೆಯವರು ಇಬ್ಬರು ಬಂದರು. ಮಫ್ಲರ್ ಸುತ್ತಿಕೊಂಡ ವಯಸ್ಸಾದವನ ಕೈಯಲ್ಲಿ ಫೈಲು, ಎಳೆಯವನ ಕೈಯಲ್ಲಿ ಫೋನು. ಕ್ವಾರ್ಟರ್ಸಿನಲ್ಲಿ ಹೊರಗಿನವರು ಇದ್ದಾರೆಂದು ಯಾರೋ ದೂರು ಬರೆದಿದ್ದರು. ಎಳೆಯವನು ಮಂಚಗಳ ಫೋಟೋ ತೆಗೆಯುತ್ತ ಒಳಗೆ ಹೋದ.

ವಯಸ್ಸಾದವನು ಮಯೂರಿಯ ಕಡೆ ನೋಡಿ ಹಿಂದಿಯಲ್ಲಿ ಕೇಳಿದ: ಇವರು ಯಾರು?

"ಮೇರೀ ಭತೀಜೀ ಹೈ" ಎಂದ ಮಹಂತೇಶ್, ತಡವರಿಸದೆ.

ಅದೇ ಹೊತ್ತಿಗೆ ಅಡಿಗೆಮನೆಯಲ್ಲಿ ಎಳೆಯವನು ಅದನ್ನೇ ದೇವಕಿಯನ್ನು ಕೇಳಿದ. "ಮೇರೀ ಬಹನ್ ಕೀ ಬೇಟೀ" ಎಂದಳು ಅವಳು, ಅವಳೂ ತಡವರಿಸದೆ.

ಎಳೆಯವನು ಹಾಲ್‌ಗೆ ಬಂದು ಹೇಳಿದ. ವಯಸ್ಸಾದವನು ಪೆನ್ನು ಎತ್ತಿ ಹಿಡಿದ. "ಸಾಹೇಬ್ ಭಾಯೀ ಕೀ ಬೇಟೀ ಬತಾ ರಹೇ ಹೈಂ, ಮೇಡಂ ಬಹನ್ ಕೀ. ಚಾಚಾ ಕಾ ಘರ್ ಹೈ ಯಾ ಮೌಸೀ ಕಾ?"

ಹಂಸಿನಿ ತಟ್ಟೆ ಕೆಳಗಿಟ್ಟಳು. ಅಪ್ಪ ಹೇಳಿದ್ದು ಅಣ್ಣನ ಮಗಳು, ಅಮ್ಮ ಹೇಳಿದ್ದು ಅಕ್ಕನ ಮಗಳು; ಆಗಿದ್ದು ಮೊದಲು ತಿಳಿದದ್ದು ಅವಳಿಗೆ.

"ಹಮಾರೀ ಭಾಷಾ ಮೇಂ ದೋನೋಂ ಏಕ್ ಹೀ ಹೈ, ಸರ್" ಎಂದ ಮಹಂತೇಶ್. "ಚಿಕ್ಕಪ್ಪ. ಚಾಚಾ ಭೀ ಚಿಕ್ಕಪ್ಪ, ಮೌಸಾ ಭೀ ಚಿಕ್ಕಪ್ಪ."

"ಹೋಗಾ." ಅವನಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮಂಚದ ಮೇಲಿದ್ದ ಮುದುಕನ ಕಡೆ ತಿರುಗಿ, "ಬಾಬೂಜೀ, ಆಪ್ ಕೇ ಕಿತ್ನೇ ಬೇಟೇ?" ಎಂದು ಗಂಡುಮಕ್ಕಳ ಲೆಕ್ಕ ಕೇಳಿದ.

ತಿಪ್ಪೇಸ್ವಾಮಿಗೆ ಬರುತ್ತಿದ್ದ ಹಿಂದಿ ಹತ್ತು ಮಾತು. ಅದರಲ್ಲಿ ಒಂದಕ್ಕೆ ಉತ್ತರ ಹೇಳುವ ಅವಕಾಶ ಸಿಕ್ಕಿತೆಂದು ಬೆರಳೆತ್ತಿ ತೋರಿಸಿ, "ಏಕ್" ಎಂದ. "ಏಕ್ ಹೀ."

ಮಂಡಕ್ಕಿ ಮೆತ್ತಗಾಗುತ್ತಿತ್ತು. ವಯಸ್ಸಾದವನು ಬರೆದುಕೊಂಡು, ಹುಡುಗಿಯ ತಾಯಿಯ ಬಗ್ಗೆ ಇನ್ನೊಂದೇ ಪ್ರಶ್ನೆ ಕೇಳಿದ. "ಲಡ್ಕೀ ಕೀ ಮಾಂ ಕೌನ್ ಹೈ?"

ದೇವಕಿ ಗಂಡನನ್ನು ನೋಡಿದಳು, ಅವನು ಅವಳನ್ನು ನೋಡಿದ. ಹದಿನೈದು ದಿನದೊಳಗೆ ಸಂಬಂಧಕ್ಕೆ ಪುರಾವೆ ತಂದುಕೊಡಬೇಕು ಎಂದು ಹೇಳಿ ಅವರಿಬ್ಬರೂ ಇಳಿದುಹೋದರು.

ಬಾಗಿಲು ಹಾಕಿದ ಮೇಲೆ ದೇವಕಿ ಗಂಡನ ಮುಂದೆ ನಿಂತಳು. "ಇಲ್ಲದ ಅಣ್ಣನ್ನ ಎಲ್ಲಿಂದ ಹುಟ್ಟಿಸಿದಿರಿ?"

"ಚಿಕ್ಕಪ್ಪ ಅಂತ ಹೇಳಿಕೊಟ್ಟವಳು ನೀನು. ಚಿಕ್ಕಪ್ಪ ಅಂದ್ರೆ ಚಾಚಾ ಅಲ್ವಾ?"

"ಚಿಕ್ಕಮ್ಮ ಅಂದ್ರೆ ಮೌಸೀ ಅಲ್ವಾ? ನನಗೆ ಅಕ್ಕ ಇದ್ದಾಳೆ. ನಿಮಗೆ ಯಾರಿದ್ದಾರೆ?"

"ಹಿಂದಿಯಲ್ಲಿ ಚಾಚಾ ಇದ್ರೆ ಚಾಚೀ, ಮೌಸೀ ಇದ್ರೆ ಮೌಸಾ. ಮಿಕ್ಸ್ ಆಗಲ್ಲ. ಒಂದ್ಸಲ ನನ್ನನ್ನ ಕೇಳಿದ್ರೆ ಹೇಳ್ತಿದ್ದೆ. ಕಿಸೀ ನೇ ಪೂಛಾ ಹೀ ನಹೀಂ" ಎಂದಳು ಹಂಸಿನಿ.

"ನಾನು ನಿಜಾನೇ ಹೇಳಿದ್ದು" ಎಂದ ತಿಪ್ಪೇಸ್ವಾಮಿ.

"ನಿಮಗೆ ಯಾರು ಏನಂದ್ರು, ಮಾವ" ಎಂದು ದೇವಕಿ ಅವನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಯೂರಿ ಬಾಗಿಲ ಬಳಿಯೇ ನಿಂತಿದ್ದಳು. "ಚಿಕ್ಕಮ್ಮ, ನಾನು ಹೋಗಿಬಿಡ್ತೀನಿ. ಅಡ್ವಾನ್ಸ್ ವಾಪಸ್ ಕೊಟ್ರೆ ಸೋಮವಾರಾನೇ ಬೇರೆ ಕಡೆ ನೋಡ್ಕೋತೀನಿ."

ಇಪ್ಪತ್ನಾಲ್ಕು ಸಾವಿರ. ದೇವಕಿ ನಲ್ಲಿ ತಿರುಗಿಸಿದಳು, ನೀರು ನಿಂತಿತ್ತು. ಮಹಂತೇಶ್ ಪೇಪರ್ ಮಡಿಸಿದ. ಹಂಸಿನಿ ಉಗುರು ನೋಡಿಕೊಂಡಳು. ಆ ದುಡ್ಡು ಆಗಲೇ ಖರ್ಚಾಗಿದೆ ಎಂದು ಮಯೂರಿಗೆ ತಿಳಿಯಿತು.

"ಹೋದ್ರೂ ಉಪಯೋಗವಿಲ್ಲ" ಎಂದ ಮಹಂತೇಶ್. "ಈಗ ಹೋದ್ರೆ ಬಾಡಿಗೆಯವಳು ಅಂತ ನಾವೇ ಒಪ್ಕೊಂಡ ಹಾಗೆ."

ಉಳಿದದ್ದು ಒಂದೇ ದಾರಿ. ದೇವಕಿಯ ಅಕ್ಕ ಸುಮಿತ್ರಾ ದಾವಣಗೆರೆಯಲ್ಲಿ ಸಹಕಾರ ಸಂಘವೊಂದರ ಗುಮಾಸ್ತೆ. ಗಂಡ ತೀರಿ ಆರು ವರ್ಷ. ಮಕ್ಕಳಿಲ್ಲ, ಎರಡು ಸಲ ಬಸಿರು ನಿಲ್ಲಲಿಲ್ಲ. ಆಧಾರಿನಲ್ಲಿ ಮಯೂರಿಯ ತಂದೆಯ ಹೆಸರು ನಾರಾಯಣಸ್ವಾಮಿ ಎಂದಿತ್ತು. ಅದಕ್ಕೂ ಹಂಸಿನಿಯೇ ದಾರಿ ಹುಡುಕಿದಳು. "ದೊಡ್ಡಮ್ಮ ಸಾಕಿಕೊಂಡ ಮಗಳು ಅಂತ ಬರೆಸಿದ್ರೆ ಅಪ್ಪನ ಹೆಸರು ಬೇರೆ ಇದ್ರೂ ನಡೆಯುತ್ತೆ."

"ನೀವೇ ಮಾತಾಡಿ" ಎಂದು ದೇವಕಿ ಗಂಡನಿಗೆ ಹೇಳಲಿಲ್ಲ. ಆ ಮಾತನ್ನು ಯಾರು ಆಡಬೇಕು ಅನ್ನುವುದರಲ್ಲಿ ಸಂಶಯ ಇರಲಿಲ್ಲ. ಎರಡು ದಿನ ತಡೆದು ಮೂರನೆಯ ದಿನ ಮಧ್ಯಾಹ್ನ ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು: ಶೇರು, ಕಾರ್ಡು, ಭತೀಜೀ, ಕೊನೆಗೆ ಬೇಕಾದ ಪ್ರಮಾಣಪತ್ರ. ಆ ಕಡೆಯಿಂದ ಸ್ಟೌ ಆರಿಸಿದ ಸದ್ದು ಕೇಳಿತು.

"ಲೈನಲ್ಲಿ ಇದೀಯಾ ಅಕ್ಕ?"

"ಇದೀನಿ. ಹುಟ್ಟಿದ ತಾರೀಖು ಬೇಕಾಗುತ್ತೆ ಸ್ಟಾಂಪ್ ಪೇಪರಿಗೆ. ಯಾವಾಗ?"

"ತೊಂಬತ್ತೆಂಟು. ಆಗಸ್ಟ್ ಹತ್ತು."

"ನನ್ನ ಎರಡನೇದಕ್ಕೂ ಡಾಕ್ಟರು ಆಗಸ್ಟ್ ಅಂದಿದ್ರು. ಆ ವರ್ಷಾನೇ."

ದೇವಕಿಗೆ ಅದು ನೆನಪಿರಲಿಲ್ಲ. ನೆನಪಿರಬೇಕಿತ್ತು. ಕಿಟಕಿಯ ಗಾಜು ಒರೆಸಿದಳು.

"ಹೆಸರೇನಂದೆ?"

"ಮಯೂರಿ."

ಸುಮಿತ್ರಾ ಆ ಹೆಸರನ್ನು ಒಮ್ಮೆ ಬಾಯಲ್ಲಿ ಆಡಿ ನೋಡಿದಳು. "ಒಂದು ಫೋಟೋ ಕಳಿಸು" ಎಂದಳು.

ಕಾಗದ ಎಂಟನೆಯ ದಿನ ಸ್ಪೀಡ್ ಪೋಸ್ಟಿನಲ್ಲಿ ಬಂತು. ಹುಡುಗಿಯನ್ನು ಮೂರು ತಿಂಗಳ ಕೂಸಿನಿಂದ ಸಾಕಿದ್ದಾಗಿ ಸುಮಿತ್ರಾ ಬರೆಸಿದ್ದಳು. ಮಯೂರಿ ಅದನ್ನು ಎರಡು ಸಲ ಓದಿದಳು.

"ನಮ್ಮಮ್ಮ ಬದುಕಿದಾರೆ, ಚಿಕ್ಕಮ್ಮ. ಇದನ್ನ ಅವರು ನೋಡಿದ್ರೆ?"

"ಯಾರು ತೋರಿಸ್ತಾರೆ."

ಅವಳು ಸಹಿ ಹಾಕಿದಳು. ಮಹಂತೇಶ್ ಕಾಗದವನ್ನು ಕಚೇರಿಗೆ ಒಯ್ದು ಕೊಟ್ಟ. ತಿಂಗಳ ಕೊನೆಗೆ ಫೈಲು ಮುಚ್ಚಿದರು. ಅವನು ಅರ್ಧ ಕಿಲೋ ಗಾಜರ್ ಹಲ್ವಾ ತಂದ. ಸಾಲ ತಿಳಿದ ಮೇಲೆ ಅವನು ಮನೆಗೆ ಏನಾದರೂ ತಂದದ್ದು ಅದೇ ಮೊದಲು. ಎಲ್ಲರೂ ಒಂದೊಂದು ಚಮಚ ತಿಂದರು. ಎಷ್ಟಾಯಿತು ಎಂದು ದೇವಕಿ ಕೇಳಲಿಲ್ಲ.

ಫೆಬ್ರವರಿ ಒಂದರಂದು ಬಾಡಿಗೆ ಬರಲಿಲ್ಲ.

ಎರಡರಂದೂ ಬರಲಿಲ್ಲ. ಮರೆತಿರಬಹುದೆಂದು ದೇವಕಿ ಊಟಕ್ಕೆ ಬಡಿಸುವಾಗ, "ಇವತ್ತು ಎಷ್ಟು ತಾರೀಖು?" ಎಂದು ಗಾಳಿಯನ್ನು ಕೇಳಿದಳು. "ಎರಡು" ಎಂದಳು ಮಯೂರಿ, ರೊಟ್ಟಿ ಮುರಿಯುತ್ತ.

ಮೂರರಂದು ದೇವಕಿ ಮಗಳಿಗೆ ಹೇಳಿದಳು. "ನೀನು ಕೇಳೇ. ಒಂದೇ ಕೋಣೇಲಿ ಇರ್ತೀರ."

"ಅದಕ್ಕೇ ನನ್ನಿಂದ ಆಗಲ್ಲ. ನೀನೇ ಕೇಳಮ್ಮ."

ದೇವಕಿ ಒಣಗಿದ ಬಟ್ಟೆ ಕೊಡುವ ನೆವದಲ್ಲಿ ಕೋಣೆಗೆ ಹೋದಳು. ಮಯೂರಿ ಕೆಲಸದ ದಿನ ಮಧ್ಯಾಹ್ನ ಹಾಸಿಗೆಯ ಮೇಲಿದ್ದಳು, ಲ್ಯಾಪ್‌ಟಾಪ್ ಮುಚ್ಚಿತ್ತು.

"ನಮ್ಮ ಟೀಮನ್ನ ತೆಗೆದುಬಿಟ್ರು ಚಿಕ್ಕಮ್ಮ. ಜನವರಿ ಸಂಬಳಾನೂ ಆಗಿಲ್ಲ. ಬೇರೆ ಕಡೆ ಹಾಕಿದೀನಿ."

"ಎಷ್ಟು ದಿನ ಆಗಬಹುದು?"

"ಗೊತ್ತಿಲ್ಲ." ಬಟ್ಟೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ, ದನಿ ಎತ್ತದೆ, "ನಾನು ಸಹಿ ಹಾಕಿದೀನಲ್ಲ" ಎಂದಳು.

ಅದು ಬೆದರಿಕೆಯಾಗಿದ್ದರೆ ದೇವಕಿ ಉತ್ತರ ಕೊಡುತ್ತಿದ್ದಳು. ಹುಡುಗಿಯ ಮುಖದಲ್ಲಿ ಬೆದರಿಕೆ ಇರಲಿಲ್ಲ.

"ಇವಳನ್ನ ಕಳಿಸಿ ಇನ್ನೊಬ್ಬರನ್ನ ಇಟ್ಕೊಳ್ಳೋದಾ?" ಎಂದು ಬಾಲ್ಕನಿಯಲ್ಲಿ ಗಂಡನನ್ನು ಕೇಳಿದಳು, ಒಳಗೆ ಕೇಳಿಸದ ಹಾಗೆ.

"ಫೈಲಲ್ಲಿ ಈ ಹುಡುಗಿ ಇದ್ದಾಳೆ. ಇವಳು ಹೋಗಿ ಇನ್ನೊಬ್ಬಳು ಬಂದ್ರೆ, ನಿಮ್ಮಕ್ಕ ಎಷ್ಟು ಜನನ್ನ ಸಾಕಿದ್ರು ಅಂತ ಕೇಳ್ತಾರೆ."

"ಮತ್ತೆ ಐದನೇ ತಾರೀಖು?"

ಅವನು ಗಾಜಿನಾಚೆ ನೋಡಿದ. ಆಚೆ ಏನೂ ಕಾಣುತ್ತಿರಲಿಲ್ಲ.

ನಾಲ್ಕರಂದು ಹಂಸಿನಿ ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಆರ್‌ಡಿ ಮುರಿಸಿದಳು. ಹನ್ನೆರಡು ಸಾವಿರ, ಮೇಲೆ ಅರವತ್ತೆರಡು ರೂಪಾಯಿ ಬಡ್ಡಿ. ದೇವಕಿ ಸಹಿ ಹಾಕುವಾಗ ತನ್ನ ಹೆಸರಿನ ಕೊನೆಯ ಅಕ್ಷರ ತಪ್ಪಿದಳು. ಇನ್ನೊಂದು ಫಾರಂ ತುಂಬಬೇಕಾಯಿತು. ಉಳಿದದ್ದನ್ನು ಹಂಸಿನಿ ತನ್ನ ಸಂಬಳದಿಂದ ಹಾಕಿದಳು. ಕಂತು ಹೋಯಿತು. ನಲವತ್ತೈದು ಉಳಿದವು.

"ಬಡ್ಡಿ ಅರವತ್ತೆರಡಾ?" ಎಂದ ತಿಪ್ಪೇಸ್ವಾಮಿ. "ನಿಮ್ಮಪ್ಪನ ಶೇರಿಗಿಂತ ಪರವಾಗಿಲ್ಲ ಬಿಡವ್ವ."

ಮಹಂತೇಶ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಯೂರಿ ಅವತ್ತು ರೊಟ್ಟಿ ಬಿಡಲಿಲ್ಲ. ಎರಡನ್ನೂ ಪೂರ್ತಿ ತಿಂದು, ತಟ್ಟೆಗಳನ್ನೆಲ್ಲ ತಾನೇ ತೊಳೆದಳು. ದೇವಕಿಗೆ ಅದು ಅರ್ಧ ರೊಟ್ಟಿ ಬಿಟ್ಟಿದ್ದಕ್ಕಿಂತ ಕಷ್ಟವಾಯಿತು.

ಭಾನುವಾರ ಬೆಳಗ್ಗೆ ಸುಮಿತ್ರಾಳ ಫೋನು ಬಂತು. ಈಚೆಗೆ ಅವಳು ವಾರಕ್ಕೆ ಮೂರು ನಾಲ್ಕು ಸಲ ಮಾಡುತ್ತಿದ್ದಳು, ಹೆಚ್ಚಾಗಿ ಮಯೂರಿಯ ನಂಬರಿಗೇ. ಒಳಕೋಣೆಯಿಂದ ನಗು ಕೇಳುತ್ತಿತ್ತು. ಇವತ್ತು ದೇವಕಿಗೇ ಮಾಡಿದ್ದಳು.

"ಯುಗಾದಿಗೆ ಬರ್ತಾ ಇದೀನಿ ಕಣೆ. ಟಿಕೆಟ್ ಆಯ್ತು. ಒಂದು ತಿಂಗಳು ರಜಾ ಹಾಕಿದೀನಿ."

"ಒಂದು ತಿಂಗಳಾ?"

"ಇಪ್ಪತ್ತೆಂಟು ವರ್ಷದ ರಜಾ ಯಾರಿಗೆ ಅಂತ ಉಳಿಸಲಿ? ಅವಳಿಗೆ ಒಂದು ಇಳಕಲ್ ಸೀರೆ ತಗೊಂಡಿದೀನಿ. ಕೆಲಸ ಹೋಯ್ತಂತಲ್ಲ ಪಾಪ, ಹೇಳಿದ್ಲು. ನೀನು ಯಾಕೆ ಹೇಳಲಿಲ್ಲ?"

ದೇವಕಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಇನ್ನು ಮೇಲೆ ಅವಳ ಹತ್ರ ದುಡ್ಡು ಕೇಳಬೇಡ ದೇವಕಿ. ನನ್ನ ಹೆಸರಲ್ಲಿರೋ ಹುಡುಗಿ. ಅವಳ ಹತ್ರ ಬಾಡಿಗೆ ತಗೊಂಡ್ರೆ ನನ್ನ ಹತ್ರ ತಗೊಂಡ ಹಾಗೆ."

ಅಕ್ಕನ ದನಿ ಹೀಗಿದ್ದದ್ದನ್ನು ದೇವಕಿ ಎಂದೂ ಕೇಳಿರಲಿಲ್ಲ. ಅಲ್ಲಿ ಅಕ್ಕನ ಖಾಲಿ ಮನೆ ತುಂಬಿದಂತಿತ್ತು. ಇಲ್ಲಿ ಹಾಲ್‌ನಲ್ಲಿ ಮಾವ ಮಾತ್ರೆಗಳನ್ನು ಅಂಗೈಯಲ್ಲಿ ಎಣಿಸುತ್ತಿದ್ದ, ಗಂಡ ಬಾಲ್ಕನಿಯಲ್ಲಿ ಹಾಸಿಗೆ ಮಡಿಸುತ್ತಿದ್ದ. ಮಗಳು ಬಚ್ಚಲ ಬಾಗಿಲು ತಟ್ಟಿ, "ಮಯೂರಿ, ಪಾನೀ ಚಲಾ ಜಾಯೇಗಾ, ಜಲ್ದೀ ಕರ್" ಎನ್ನುತ್ತಿದ್ದಳು.

"ನಾನು ಬರೋ ಹೊತ್ತಿಗೆ ಅವಳು ಅಲ್ಲೇ ಇರ್ತಾಳೆ ತಾನೆ?" ಎಂದಳು ಸುಮಿತ್ರಾ. "ಕೆಲಸ ಸಿಕ್ತು ಅಂತ ಎಲ್ಲಾದ್ರೂ ಹೋಗಿಬಿಡಲ್ಲ ತಾನೆ?"

"ಇಲ್ಲಕ್ಕ" ಎಂದಳು ದೇವಕಿ. "ಯಾರೂ ಎಲ್ಲಿಗೂ ಹೋಗಲ್ಲ."